ಏಳನೇ ತಿರುವು

ನಿಝ್ವಾ ಕೋಟೆಯ ಹಿಂಬದಿ ಓಣಿಯಲ್ಲಿ
ಖಲ್ಫಾನರ ಸ್ಟುಡಿಯೋ.
ಮುಂದೆ ಪಾಸ್‌ಪೋರ್ಟ್ ಫೋಟೋದ ಸ್ಟೂಲು,
ಹಿಂದೆ ಏಸಿಯ ಗೊರಗೊರ, ದೊಡ್ಡ ಪ್ರಿಂಟರು, ನಾನು.

ದೂಮಪ್ಪಣ್ಣ ಬಂದದ್ದು ಶುಕ್ರವಾರ ಸಂಜೆ,
ಮಿಂದು ಬಂದರೂ ಹುಬ್ಬಿನಲ್ಲಿ ಗುಡ್ಡದ ಹುಡಿ.
ಪೆನ್‌ಡ್ರೈವನ್ನು ದಾರಕ್ಕೆ ಕಟ್ಟಿ
ತಾಯಿತದ ಹಾಗೆ ಕೊರಳಿಗೆ ಹಾಕಿಕೊಂಡಿದ್ದರು.
"ಒಂದೇ ಫೋಟೋ, ಬಾಯಮ್ಮ.
ಮೂರಡಿ ಅಗಲ. ಮೆಸ್ಸಿನ ಗೋಡೆಗೆ."

ತೆರೆದೆ.
ಮೇಲೊಂದು ಪಟ್ಟಿ ಆಕಾಶ, ಬೂದಿ ಕೆದಕಿದಾಗಿನ ಕೆಂಡದ ಬಣ್ಣ.
ಅದರ ಕೆಳಗೆ ಬರೀ ಮಸಿ.
"ಅದು ಗುಡ್ಡ. ಗುಡ್ಡದ ಮೈಮೇಲೆ ನನ್ನ ರಸ್ತೆ.
ಎರಡು ವರ್ಷ ಗ್ರೇಡರ್ ಓಡಿಸಿದ್ದೇನೆ. ಕಾಣುವುದಿಲ್ಲವಾ?"

ಕಾಣುವುದಿಲ್ಲ ಅಣ್ಣ. ಈ ಗ್ರಾಫು ನೋಡಿ:
ಎಲ್ಲರೂ ಎಡಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ,
ಮೊದಲ ಪಂಕ್ತಿಗೆ ಬಾಗಿಲು ತೆರೆಯಲೆಂದು ಕಾಯುವವರ ಹಾಗೆ.
ಬಲಗಡೆ ಚಾಪೆ ಪೂರ್ತಿ ಖಾಲಿ.

"ನಸುಕು ನಾಲ್ಕೂಮುಕ್ಕಾಲು. ಫೋರ್‌ಮನ್ನಿನ ಕ್ಯಾಮೆರಾ.
ಆಕಾಶ ನೋಡಿ ಅದು ಮೋಸ ಹೋಯಿತಂತೆ."

ಇಡೀ ಚಿತ್ರವನ್ನು ಒಟ್ಟಿಗೆ ಎತ್ತಿದರೆ ಆಕಾಶ ಸುಣ್ಣ.
ರವಿಕೆಗೆ ಕತ್ತು ಕತ್ತರಿಸುವ ಹಾಗೆ
ಗುಡ್ಡದ ಅಂಚಿಗೆ ಗೆರೆ ಎಳೆದು
ಆಕಾಶವನ್ನು ಆಚೆಗಿಟ್ಟೆ.
ಆಮೇಲೆ ಕೆಳಗಿನ ಕತ್ತಲನ್ನಷ್ಟೇ
ಕೂಸನ್ನು ತೊಟ್ಟಿಲಿಂದ ಎತ್ತುವಷ್ಟು ಮೆಲ್ಲಗೆ.

ಬಂಡೆ ಬಂತು. ಬಂಡೆಯ ಪಕ್ಕ ಒಂದು ಮುಳ್ಳುಮರ.
ನೀರಿನ ಟ್ಯಾಂಕರು, ಅದರ ಏಣಿ ಸಮೇತ.
ಜೊತೆಗೇ ಎದ್ದಿತು ನೇರಳೆ, ಹಸಿರು ರವೆ.
ಒರೆಸಿದೆ. ಪೂರ್ತಿ ಒರೆಸಲಿಲ್ಲ,
ಪೂರ್ತಿ ಒರೆಸಿದರೆ ಕಲ್ಲೆಲ್ಲ ಮೇಣ.

ಆಮೇಲೆ ರಸ್ತೆ.

ದೂಮಪ್ಪಣ್ಣ ಸ್ಟೂಲು ಎಳೆದುಕೊಂಡರು,
ಪರದೆಯ ಮೇಲೆ ಬೆರಳಿಟ್ಟರು. (ನಾನು ಏನೂ ಅನ್ನಲಿಲ್ಲ.)
"ಒಂದು. ಎರಡು, ಇಲ್ಲಿ ಬ್ಲೇಡು ಮುರಿದದ್ದು. ಮೂರು.
ನಾಲ್ಕು, ಇಲ್ಲಿ ಆಡಿಗೆ ದಾರಿ ಬಿಟ್ಟದ್ದು.
ಐದು. ಆರು."
ಏಳನೆಯದರಲ್ಲಿ ಬೆರಳು ನಿಂತಿತು.

ಅಲ್ಲಿ ರಸ್ತೆಯ ಅಂಚು ಹೊಟ್ಟೆ ಬಿಟ್ಟುಕೊಂಡು
ಕಣಿವೆಯ ಕಡೆ ವಾಲಿತ್ತು.

"ಎಂಜಿನಿಯರ್ ವಸ್ಫಿ ಇದನ್ನೇ ಹೇಳಿದ್ದ. ಮೂರು ಸಲ.
ಮೂರು ಸಲವೂ ನಿನ್ನ ಕಣ್ಣೇ ಓರೆ ಎಂದೆ.
ತಿಂಗಳು ಮಾತಿಲ್ಲ."
ತಾವೇ ನಕ್ಕರು. "ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ಇಲ್ಲಿ ನೆಲವೇ ಡೊಂಕು!"

ಸರಿ ಮಾಡಲೇ? ಎರಡು ನಿಮಿಷದ ಕೆಲಸ.
ಆರನೇ ತಿರುವಿನಿಂದ ಒಂದು ತುಂಡು ನೆಟ್ಟಗಿನ ಅಂಚು ತಂದು
ತೇಪೆ ಹಾಕಿ ತೋರಿಸಿದೆ.
ಬಹಳ ಹೊತ್ತು ನೋಡಿದರು.
"ಚೆನ್ನಾಗಿದೆ. ನಾನು ಮಾಡಿದ್ದಲ್ಲ."
ಮತ್ತೆ, ತಗ್ಗಿದ ದನಿಯಲ್ಲಿ,
"ಮೊದಲಿನ ಹಾಗೇ ಇರಲಿ. ಅಲ್ಲಿ ಮಾತ್ರ
ಸ್ವಲ್ಪ ಕತ್ತಲು ವಾಪಸ್ ಕೊಡಿ."

ಕೊಟ್ಟೆ.

ಪರದೆಗೆ ಬೆನ್ನ ಹಿಂದೆ ದೀಪವಿದೆ, ಕಾಗದಕ್ಕಿಲ್ಲ.
ಶಾಯಿ ಕುಡಿದು ಅದು ಒಂದು ಪಾಲು ಕಪ್ಪಾಗುತ್ತದೆ.
ಬೆರಳಗಲದ ಪಟ್ಟಿ ಮೂರು ತೆಗೆದು
ಟ್ಯೂಬ್‌ಲೈಟಿಗೆ ಹಿಡಿದೆ. ನಡುವಿನದು ಸರಿ.
ಆರು ತಿರುವು, ಒಂದು ನೆರಳು, ಮತ್ತೆ ಎಂಟನೆಯದು.
ರಾತ್ರಿಯಿಡೀ ಆರಲು ಬಿಟ್ಟೆ.

ಶನಿವಾರ ನಡುಮಧ್ಯಾಹ್ನ ಬಂದು
ಒಂಬತ್ತು ರಿಯಾಲಿನಲ್ಲಿ ಅರ್ಧ ಚೌಕಾಸಿ ಮಾಡಿ
ಸುರುಳಿ ಕಂಕುಳಿಗಿಟ್ಟು ಹೊರಟವರು
ಮೆಟ್ಟಿಲಿಳಿದೊಡನೆ ತಾಳಲಾರದೆ ಬಿಡಿಸಿದರು.

ಟ್ಯೂಬ್‌ಲೈಟಿನಲ್ಲಿ ಅಡಗಿದ್ದು
ಒಮಾನಿನ ಬಿಸಿಲಲ್ಲಿ ಅಡಗುವುದಿಲ್ಲ.
ಇದನ್ನು ನಾನು ಅವರಿಗೆ ಹೇಳಿರಲಿಲ್ಲ.

ಗಾಜಿನಾಚೆ ಬೆರಳು ಎಣಿಸುತ್ತ ಹೋಯಿತು,
ನಿಂತಿತು.
ಕಾಗದದ ಮೂಲೆ ಹಲ್ಲಿನಲ್ಲಿ ಕಚ್ಚಿಕೊಂಡು
ಫೋನು ತೆಗೆದು ಯಾರಿಗೋ ಹಚ್ಚಿದರು.
ಕೈಯಾಡಿಸುತ್ತ ಅರ್ಧಂಬರ್ಧ ಅರಬಿಯಲ್ಲಿ ಬಯ್ಯುತ್ತಿದ್ದರು,
ಅಥವಾ ನಗುತ್ತಿದ್ದರು, ಗಾಜು ದಪ್ಪ.

ನಾನು ತಿರುಗಿ, ಮುಂದಿನ ಗಿರಾಕಿಯನ್ನು
ಎರಡೂ ಕಿವಿ ಕಾಣುವ ಹಾಗೆ ಕೂರಿಸಿದೆ.